ಮಲಗಿದ ಜೊಂಡು

ಫೆಬ್ರವರಿ 4

ಅಳಿಯಂದಿರಿಗೆ,

ನಿನ್ನೆ ಫೋನು ಮಾಡಿದಾಗ ನನ್ನ ಮಾತನ್ನು ಅರ್ಧಕ್ಕೇ ತಡೆದು, "ಜೌಗಿನ ವಿಷಯ ಆದ್ರೆ ದಯವಿಟ್ಟು ಕಾಗದ ಬರೀರಿ ಅತ್ತೆ" ಎಂದು ಇಟ್ಟುಬಿಟ್ಟಿರಿ. ಸರಿ, ಬರೆಯುತ್ತಿದ್ದೇನೆ. ಮಗಳನ್ನು ಕೊಟ್ಟ ಮನೆಯಿಂದ ಇಂಥ ಮರ್ಯಾದೆ ಸಿಕ್ಕಿದ್ದು ಇದೇ ಮೊದಲು. ಪಕ್ಕದಲ್ಲಿ ಸಂಘದವರೆಲ್ಲ ಕೂತಿದ್ದರು. ಫೋನು ಇಟ್ಟ ಸದ್ದು ಅವರಿಗೂ ಕೇಳಿಸಿತು. ನಾನು, "ಅಳಿಯಂದಿರಿಗೆ ಮೀಟಿಂಗು" ಎಂದು ಸುಳ್ಳು ಹೇಳಿ ಮುಖ ಉಳಿಸಿಕೊಂಡೆ.

ನಿಮ್ಮ ಇಲಾಖೆಯ ಕರಡು ಯೋಜನೆ ಇಲ್ಲಿನ ಕಚೇರಿಯ ಗೋಡೆಗೆ ಬಂದು ಅಂಟಿದೆ. ಮುಂದಿನ ಹತ್ತು ವರ್ಷ ಈ ಜೌಗಿನಲ್ಲಿ ಯಾರು ಏನು ಮಾಡಬಹುದು ಎಂದು ಬಣ್ಣಬಣ್ಣದಲ್ಲಿ ನಕ್ಷೆ ಬರೆದಿದ್ದಾರೆ. ಮೂರು ಪಾಲಿಗೆ ಹಸಿರು ಬಳಿದು "ಜೊಂಡು ಕೊಯ್ಲಿನ ಜಾಗ" ಎಂದಿದ್ದಾರೆ. ಪಡುಗಡೆಯ ಪಾಲಿಗೆ ಬೂದಿ ಬಣ್ಣ. ಅದರ ಮೇಲೆ ಬರೆದಿರುವುದನ್ನು ನಾಲ್ಕು ಸಲ ಓದಿದೆ. "ಬಳಕೆಯಲ್ಲಿಲ್ಲ. ಮೀನುಕೊಳಗಳಿಗೆ ಗುತ್ತಿಗೆ ಕೊಡಬಹುದು."

ಬಳಕೆಯಲ್ಲಿಲ್ಲ ಎಂದು ಹೇಳಿದ ಪುಣ್ಯಾತ್ಮ ಯಾರು? ಈ ವರ್ಷ ಅದನ್ನು ನಾವು ಮಲಗಿಸಿದ್ದೇವೆ. ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮ ಮನೆಯಾಕೆಯನ್ನು ಕೇಳಿ, ಅವಳು ದೋಣಿಯಲ್ಲೇ ಬೆಳೆದವಳು. ಜೌಗಿಗೆ ನಾಲ್ಕು ಪಾಲು. ಪ್ರತಿವರ್ಷ ಮೂರನ್ನು ಕೊಯ್ದು ಒಂದನ್ನು ಮಲಗಿಸುತ್ತೇವೆ. ಮಲಗಿದ ಪಾಲಿನಿಂದ ಹಲ್ಲುಕಡ್ಡಿಗೂ ಒಂದು ಕಡ್ಡಿ ಕೀಳುವುದಿಲ್ಲ. ಬೇರು ದಪ್ಪವಾಗುತ್ತದೆ, ಮೀನು ಮೊಟ್ಟೆ ಇಡುತ್ತದೆ, ಹಕ್ಕಿ ಗೂಡು ಕಟ್ಟುತ್ತದೆ. ಮರುವರ್ಷ ಎಬ್ಬಿಸಿದಾಗ ಆಳೆತ್ತರದ ಮೇಲೆ ಇನ್ನೊಂದು ಆಳೆತ್ತರ ನಿಂತಿರುತ್ತದೆ. ಜಾಗ ಸರ್ಕಾರದ್ದೇ, ಇಲ್ಲ ಎನ್ನುವುದಿಲ್ಲ. ಆದರೆ ಪಡುಗಡೆ ಹೋಯಿತೆಂದರೆ ಹೊಟ್ಟೆಪಾಡಿಗೆ ಉಳಿದ ಮೂರನ್ನೂ ಕೊಯ್ಯಲೇಬೇಕು, ಒಂದನ್ನೂ ಮಲಗಿಸಲಾಗುವುದಿಲ್ಲ. ವರ್ಷವರ್ಷವೂ ಕೊಯ್ದು ಕೊಯ್ದು ನಾಲ್ಕಾರು ವರ್ಷದಲ್ಲಿ ಜೌಗು ಬೋಳಾಗುತ್ತದೆ. ಆಮೇಲೆ ಚಾಪೆಯೂ ಇಲ್ಲ, ತಟ್ಟಿಯೂ ಇಲ್ಲ, ಈ ಊರಿನಲ್ಲಿ ಒಲೆಯೂ ಉರಿಯುವುದಿಲ್ಲ.

ಯೋಜನೆ ಬರೆಯುವವರಲ್ಲಿ ನೀವೂ ಒಬ್ಬರಂತೆ. ನಿಮ್ಮ ಮೇಜಿನ ಮೇಲೆ ರಬ್ಬರು ಇದೆ ತಾನೆ? ಅಳಿಸಿ.

ಇಂತಿ,
ನಿಮ್ಮ ಅತ್ತೆ, ಮತ್ತು ಜೊಂಡು ಕೊಯ್ಯುವವರ ಸಂಘದ ಅಧ್ಯಕ್ಷೆ


ಫೆಬ್ರವರಿ 12

ಅತ್ತೆಯವರಿಗೆ ನಮಸ್ಕಾರಗಳು.

ಫೋನು ಇಟ್ಟಿದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ನಿಮ್ಮ ಮಗಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತನಾಡಲಿಲ್ಲ.

ಕಾರಣ ಇದು. ಆ ಜೌಗಿನ ಯೋಜನೆ ನನ್ನ ಮೇಜಿಗೆ ಬಂದ ದಿನವೇ, ಇದು ನನ್ನ ಹೆಂಡತಿಯ ತವರು ಎಂದು ಮೇಲಧಿಕಾರಿಗಳಿಗೆ ಬರೆದುಕೊಟ್ಟೆ. ಅವರು ನನ್ನನ್ನು ಆ ಕೆಲಸದಿಂದ ತೆಗೆಯಲಿಲ್ಲ, ಷರತ್ತು ಹಾಕಿದರು. ಯೋಜನೆಗೆ ಸಹಿ ಬೀಳುವವರೆಗೆ ಆ ಊರಿನವರ ಜೊತೆ ಜೌಗಿನ ಬಗ್ಗೆ ನಾನು ಏನೇ ಹೇಳಿದರೂ ಕೇಳಿದರೂ ಬರಹದಲ್ಲೇ ಇರಬೇಕು, ಅದರ ಪ್ರತಿ ಕಡತಕ್ಕೆ ಹೋಗಬೇಕು. ನಿಮ್ಮ ಕಾಗದವೂ ಹೋಗಿದೆ. ರಬ್ಬರಿನ ಸಾಲಿನ ಸಮೇತ.

ನಾನು ಸಲಹೆ ಕೊಡುವ ಹಾಗಿಲ್ಲ. ಪ್ರಕಟವಾದ ನಿಯಮವನ್ನು ಮಾತ್ರ ತಿಳಿಸಬಹುದು. ಕರಡು ಎಂದರೆ ಮುಗಿದ ಯೋಜನೆಯಲ್ಲ. ಮೇ ತಿಂಗಳ ಬಹಿರಂಗ ಸಭೆಯವರೆಗೆ ಯಾರು ಬೇಕಾದರೂ ಅಭಿಪ್ರಾಯ ಬರೆದು ಕಳಿಸಬಹುದು. ಪ್ರತಿಯೊಂದಕ್ಕೂ ಇಲಾಖೆ ಉತ್ತರ ಕೊಡಬೇಕು. ಒಂದೇ ಒಕ್ಕಣೆಯ ಕಾಗದಗಳು ಎಷ್ಟೇ ಬಂದರೂ ಒಂದೇ ಅಭಿಪ್ರಾಯ ಎಂದು ಎಣಿಸಲಾಗುತ್ತದೆ. ಏಪ್ರಿಲ್ ಮೊದಲ ವಾರ ಎರಡನೆಯ ಸ್ಥಳ ಪರಿಶೀಲನೆ ಇದೆ. ಬಳಕೆ ಎಂದರೆ, ಪರಿಶೀಲನೆಯ ದಿನ ಕಣ್ಣಿಗೆ ಕಂಡ ಬಳಕೆ ಎಂದು ನಿಯಮದಲ್ಲಿದೆ. ಪೂರ್ತಿ ನಿಯಮಗಳ ಪುಸ್ತಿಕೆಯನ್ನು ಇದರ ಜೊತೆ ಇಟ್ಟಿದ್ದೇನೆ.

ಮಂಡಿ ನೋವು ಹೇಗಿದೆ? ಇದನ್ನು ಕೇಳಬಹುದು ಎಂದುಕೊಂಡಿದ್ದೇನೆ.

ನಿಮ್ಮ ಅಳಿಯ
ಪ್ರತಿ: ಕಡತಕ್ಕೆ


ಫೆಬ್ರವರಿ 25

ಅಳಿಯಂದಿರಿಗೆ, ಮತ್ತು ಇದರ ಪ್ರತಿ ಓದುತ್ತಿರುವ ದೊಡ್ಡ ಸಾಹೇಬರಿಗೆ ನಮಸ್ಕಾರ.

ಸಾಹೇಬರೇ, ನಮ್ಮ ಮನೆಯ ಮಾತು ನಡುನಡುವೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಮಂಡಿ ನೋವು ಹಾಗೇ ಇದೆ.

ಅಳಿಯಂದಿರೇ, ನಿಮ್ಮ ಕಾಗದ ಬರುವ ಹಿಂದಿನ ದಿನವಷ್ಟೇ ನಾನು ಒಂದು ಮನವಿ ಬರೆಸಿ, ಮನೆಮನೆ ತಿರುಗಿ ಎಲ್ಲರ ಸಹಿ ಹಾಕಿಸಿದ್ದೆ. ಪ್ರತಿ ಮನೆಗೂ ಒಂದೊಂದು ಪ್ರತಿ. ಎಲ್ಲ ಸೇರಿ ಒಂದೇ ಎಂದು ತಿಳಿದಾಗ ಪಿತ್ತ ನೆತ್ತಿಗೇರಿತು. ಇಡೀ ಊರು ಒಂದೇ ಮಾತು ಹೇಳಿದರೆ ಅದು ದೊಡ್ಡ ಮಾತಾಗಬೇಕೋ, ಸಣ್ಣದಾಗಬೇಕೋ?

ಸರಿ, ಎಲ್ಲರೂ ಅವರವರ ಮಾತಿನಲ್ಲೇ ಬರೆಯಿರಿ ಎಂದು ಸಂಘದ ಕೋಣೆಯಲ್ಲಿ ಕೂರಿಸಿದೆ. ಅದರ ಗತಿ ಕೇಳಿ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಗೊಣಗಜ್ಜ ತನ್ನ ಬೆನ್ನು ನೋವಿನ ಬಗ್ಗೆ ಎರಡು ಪುಟ ಬರೆಸಿದ. "ಜೌಗಿನ ಬಗ್ಗೆ ಹೇಳಜ್ಜ" ಎಂದರೆ, "ಬೆನ್ನು ಹೋಗಿದ್ದೇ ಜೌಗಲ್ಲಿ, ಇನ್ನೇನು ಹೇಳ್ಲಿ" ಎಂದ. ಉದ್ದಣ್ಣ ತನ್ನ ಮದುವೆಯ ಕಥೆ ಬರೆದಿದ್ದಾನೆ, ಹೆಣ್ಣು ನೋಡಿದ್ದು ಜೊಂಡಿನ ಕಟ್ಟು ಹೊರುವಾಗಲಂತೆ. ತಿದ್ದಲು ಹೋಗಲಿಲ್ಲ. ಎಲ್ಲವನ್ನೂ ಹಾಗೇ ಕಳಿಸಿದ್ದೇನೆ. ಪ್ರತಿಯೊಂದಕ್ಕೂ ಉತ್ತರ ಕೊಡುತ್ತೀರಂತೆ, ಕೊಡಿ ನೋಡೋಣ.

ಇನ್ನೊಂದು ಮಾತು. ನೀವು ಬಾಯಿ ಬಿಟ್ಟು ಹೇಳಲಾಗದ್ದು ನನಗೆ ಅರ್ಥವಾಗಿದೆ. ಇಷ್ಟು ವರ್ಷ ಜೊಂಡು ಕೊಯ್ದವಳಿಗೆ ಒಂದು ಸಾಲಿನ ಹಿಂದೆ ಏನಿದೆ ಎಂದು ತಿಳಿಯದೇ ಇರುತ್ತದೆಯೇ? ಸಾಕು, ಹೆಚ್ಚು ಬರೆಯುವುದಿಲ್ಲ.

ನಿಮ್ಮ ಅತ್ತೆ


ಮಾರ್ಚ್ 6

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದದ ಕೊನೆಯ ಸಾಲು ಓದಿ ನಿದ್ದೆ ಹಾರಿಹೋಗಿದೆ. ನನ್ನ ಸಾಲುಗಳ ಹಿಂದೆ ಏನೂ ಇಲ್ಲ. ನಾನು ಬರೆದದ್ದು ಎಷ್ಟೋ ಅಷ್ಟೇ. ನೀವು ಏನು ಅರ್ಥ ಮಾಡಿಕೊಂಡಿರಿ ಎಂದು ದಯವಿಟ್ಟು ತಿಳಿಸಿ. ಊಹೆಯ ಮೇಲೆ ಏನನ್ನೂ ಮಾಡಬೇಡಿ.

ಕಡತ ಓದುವವರು ಸಾಹೇಬರಲ್ಲ, ಮೇಡಂ. ನಿಮ್ಮ ನಮಸ್ಕಾರವನ್ನು ಅವರು ಸ್ವೀಕರಿಸಿದ್ದಾರೆ ಎಂದು ತಿಳಿಸಲು ನನಗೆ ಅನುಮತಿ ಇದೆ. ಊರಿನವರ ಕಾಗದಗಳೆಲ್ಲ ಬಂದವು. ಅಜ್ಜನ ಬೆನ್ನಿಗೂ ಉದ್ದಣ್ಣನ ಮದುವೆಗೂ ಒಂದೊಂದು ಸಂಖ್ಯೆ ಬಿದ್ದಿದೆ. ಉತ್ತರ ಬರೆಯುವ ಕೆಲಸ ನನ್ನದೇ. ಮದುವೆಯ ಕಾಗದಕ್ಕೆ ಏನೆಂದು ಉತ್ತರ ಬರೆಯುವುದು ಎಂದು ಕಚೇರಿಯಲ್ಲಿ ಒಂದು ಮಧ್ಯಾಹ್ನವಿಡೀ ಚರ್ಚೆ ನಡೆಯಿತು.

ನೀವು ಕೋಪದಲ್ಲಿದ್ದೀರಿ ಎಂದು ಬಲ್ಲೆ. ನನ್ನನ್ನು ಒಣಕಲು ಮನುಷ್ಯ ಎಂದು ನೀವು ಮದುವೆಗೆ ಮುಂಚೆಯೇ ಅಂದಿದ್ದಿರಂತೆ. ಅದು ನಿಜವೇ ಇರಬಹುದು. ಆದರೆ ಈ ಕೆಲಸವನ್ನು ನೇರವಾಗಿ ಮಾಡದೆ ನನಗೆ ಬೇರೆ ದಾರಿ ಗೊತ್ತಿಲ್ಲ.

ನಿಮ್ಮ ಅಳಿಯ
ಪ್ರತಿ: ಕಡತಕ್ಕೆ


ಮಾರ್ಚ್ 17

ಅಳಿಯಂದಿರಿಗೆ, ಮೇಡಂ ಅವರಿಗೆ, ನಮಸ್ಕಾರ.

ಇಲ್ಲಿ ಎಲ್ಲ ಕ್ಷೇಮ. ಕೊಯ್ಲು ಮುಗಿಯುತ್ತ ಬಂತು. ಕುಡುಗೋಲುಗಳನ್ನೆಲ್ಲ ಮತ್ತೊಮ್ಮೆ ಮಸೆಸಿದ್ದೇವೆ. ಪರಿಶೀಲನೆಯವರು ಬಂದು ಹೋಗಲಿ, ನಿಮಗೆ ಸಂತೋಷವಾಗುತ್ತದೆ. ನೀವು ಭಯಪಟ್ಟುಕೊಂಡು ಬರೆದಿದ್ದು ನೋಡಿ ಮೆಚ್ಚಿದೆ. ಹಾಗೇ ಬರೆಯಬೇಕು, ಕಡತಕ್ಕೆ ಹೋಗುವುದಲ್ಲವೇ.

ನಿಮ್ಮ ಅತ್ತೆ


ಏಪ್ರಿಲ್ 9

ಅಳಿಯಂದಿರೇ,

ಹೇಗೆ ಬರೆಯಬೇಕೆಂದು ತಿಳಿಯುತ್ತಿಲ್ಲ. ಎಲ್ಲ ಕೆಟ್ಟುಹೋಯಿತು.

ಕಣ್ಣಿಗೆ ಕಂಡ ಬಳಕೆ ಎಂದು ನೀವು ಬರೆದಿದ್ದಿರಲ್ಲ, ಅದನ್ನು ನಾನು ಸನ್ನೆ ಎಂದು ತಿಳಿದೆ. ಬಳಸುತ್ತಿರುವುದನ್ನು ಕಣ್ಣಿಗೆ ತೋರಿಸಿ ಎಂದು ನೀವು ಹೇಳುತ್ತಿದ್ದೀರಿ ಅಂದುಕೊಂಡೆ. ಸಂಘದಲ್ಲಿ ಕೂತು ತೀರ್ಮಾನ ಮಾಡಿದೆವು. ಪರಿಶೀಲನೆಯ ದಿನ ಊರಿನ ದೋಣಿಗಳೆಲ್ಲ ಪಡುಗಡೆಗೆ ಹೋಗಬೇಕು, ಮಲಗಿದ ಜೊಂಡನ್ನು ಕೊಯ್ಯಬೇಕು, ಬಂದವರು ನೋಡಬೇಕು. ಒಂದು ವರ್ಷದ ನಿದ್ದೆ ಕೆಟ್ಟರೆ ಕೆಡಲಿ, ಜಾಗ ಉಳಿದರೆ ಸಾಕು. ಹಾಗೆಂದು ಮೇಜು ಗುದ್ದಿ ಹೇಳಿದವಳು ನಾನೇ.

ಆ ದಿನ ನಿಮ್ಮ ಇಲಾಖೆಯಿಂದ ಒಬ್ಬರು ಬಂದರು. ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿದ್ದರು. ಮಾತು ಕಡಿಮೆ. ದಂಡೆಯ ಮೇಲೆ ಒಂದು ಸ್ಟೂಲು ಹಾಕಿಕೊಂಡು ಕೂತರು. ನಾವು ಹೊರಟೆವು. ಮಲಗಿದ ಪಾಲಿನ ಬಾಯಿಗೆ ಅಡ್ಡಗೋಲು ಕಟ್ಟಿರುತ್ತೇವೆ, ಅಧ್ಯಕ್ಷೆ ಕಟ್ಟಿದ್ದನ್ನು ಅಧ್ಯಕ್ಷೆಯೇ ಬಿಚ್ಚಬೇಕು. ವರ್ಷ ತುಂಬದೆ ಅದನ್ನು ಬಿಚ್ಚಿದವರು ನನ್ನ ತಿಳಿವಳಿಕೆಯಲ್ಲಿ ಯಾರೂ ಇಲ್ಲ. ಗಂಟು ಬಿಚ್ಚುವಾಗ ಬೆರಳು ಮಾತು ಕೇಳಲಿಲ್ಲ. ಉದ್ದಣ್ಣ ಸಹಾಯಕ್ಕೆ ಬಂದ.

ದೋಣಿಗಳು ಒಳಗೆ ಹೋಗಿ ಜೊಂಡಿಗೆ ಮೂಗು ತಾಗಿಸಿಕೊಂಡು ಸಾಲಾಗಿ ನಿಂತವು. ಯಾರೂ ಕುಡುಗೋಲು ಎತ್ತಲಿಲ್ಲ. ಎಡಗಡೆಯವರು ಬಲಗಡೆಯವರನ್ನು ನೋಡಿದರು, ಬಲಗಡೆಯವರು ಎಡಗಡೆಯವರನ್ನು.

"ಅಜ್ಜ, ನೀನು ಹಿರಿಯ. ಶುರು ಮಾಡು" ಎಂದೆ.

"ನಾನಾ? ನಮ್ಮಪ್ಪ ಎದ್ದು ಬಂದು ಕೆನ್ನೆಗೆ ಬಾರಿಸ್ತಾನೆ" ಎಂದ ಗೊಣಗಜ್ಜ. "ಉದ್ದಣ್ಣ ಮಾಡ್ಲಿ, ಅವನಿಗೆ ಕೈ ಉದ್ದ."

"ನನ್ನ ಹೆಂಡ್ತಿ ಮನೆಗೆ ಸೇರಿಸಲ್ಲ" ಎಂದ ಉದ್ದಣ್ಣ. "ಅಧ್ಯಕ್ಷರು ನೀವು. ಮೇಜು ಗುದ್ದಿದ್ದೂ ನೀವೇ."

ಅದು ಸರಿಯೇ. ನಾನು ಬಗ್ಗಿ ಒಂದು ಹಿಡಿ ಜೊಂಡು ಹಿಡಿದೆ. ಕುಡುಗೋಲನ್ನು ಬುಡಕ್ಕೆ ಒಯ್ದೆ. ಬುಡದಲ್ಲಿ ಹೊಸ ಮೊಳಕೆ, ಹೆಬ್ಬೆರಳಿನಷ್ಟು ದಪ್ಪ, ಬೆಳ್ಳಗೆ, ಈಗಷ್ಟೇ ಕಣ್ಣು ಬಿಡುತ್ತಿದ್ದವು. ಕೈ ಬರಲಿಲ್ಲ, ಅಳಿಯಂದಿರೇ. ಆಣೆ ಮಾಡಿ ಹೇಳುತ್ತೇನೆ, ಮನಸ್ಸು ಗಟ್ಟಿಯೇ ಇತ್ತು, ಕೈ ಬರಲಿಲ್ಲ. ಹಿಡಿದದ್ದನ್ನು ಬಿಟ್ಟೆ. ನಾನು ಬಿಟ್ಟದ್ದೇ ತಡ, ಎಲ್ಲರೂ ಹುಟ್ಟು ಹಾಕಿ ದೋಣಿ ಹಿಂದಕ್ಕೆ ತಿರುಗಿಸಿದರು. ಇಡೀ ಊರು ಖಾಲಿ ದೋಣಿಯಲ್ಲಿ ವಾಪಸ್ಸು ಬಂತು. ನಾನು ಕೊನೆಗೆ ಉಳಿದು ಅಡ್ಡಗೋಲು ಮತ್ತೆ ಕಟ್ಟಿದೆ.

ದಂಡೆಯಲ್ಲಿ ಬೂಟಿನವರು ಕೇಳಿದರು, "ಯಾಕಮ್ಮ, ಕೊಯ್ಲಿಲ್ಲ?"

"ಮಲಗಿದೆ ಸಾರ್."

"ಯಾರು?"

"ಜೊಂಡು."

ಅವರು ಏನೋ ಬರೆದುಕೊಂಡು ಹೊರಟುಹೋದರು. ಇನ್ನೇನು ಬರೆದಿರುತ್ತಾರೆ? ಹೋದರು, ಬಂದರು, ಏನೂ ಕೊಯ್ಯಲಿಲ್ಲ. ಬಳಕೆಯಲ್ಲಿಲ್ಲ. ಇಷ್ಟು ದಿನ ಅನುಮಾನವಾಗಿದ್ದದ್ದಕ್ಕೆ ನಾವೇ ದೋಣಿ ಕಟ್ಟಿಕೊಂಡು ಹೋಗಿ ಸಾಕ್ಷಿ ಕೊಟ್ಟು ಬಂದೆವು. ನನಗೆ ಊರಿನಲ್ಲಿ ತಲೆ ಎತ್ತಿ ನಡೆಯಲು ಆಗುತ್ತಿಲ್ಲ. ನಿಮಗೂ ಮುಖ ತೋರಿಸಲಾರೆ.

ನಿಮ್ಮ ಅತ್ತೆ


ಮೇ 2

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಉತ್ತರ ತಡವಾಯಿತು, ಕಚೇರಿಯಲ್ಲಿ ಕೆಲಸದ ಹಂಚಿಕೆ ಸ್ವಲ್ಪ ಬದಲಾಗಿದೆ. ನಾನೀಗ ರಸ್ತೆ ಬದಿಯ ಮರಗಳ ವಿಭಾಗದಲ್ಲಿದ್ದೇನೆ. ಇಂಥವೆಲ್ಲ ನಡೆಯುತ್ತಲೇ ಇರುತ್ತವೆ. ಕೋಣೆಗೆ ಒಳ್ಳೆಯ ಕಿಟಕಿ ಇದೆ.

ಪರಿಶೀಲನೆಯ ವರದಿಯಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಬಹಿರಂಗ ಸಭೆ ಮೇ 28ಕ್ಕೆ, ಇಲ್ಲಿನ ಮುಖ್ಯ ಕಚೇರಿಯ ದೊಡ್ಡ ಕೋಣೆಯಲ್ಲಿ. ಯಾರು ಬೇಕಾದರೂ ಬಂದು ಮಾತನಾಡಬಹುದು.

ನೀವು ತಲೆ ತಗ್ಗಿಸುವಂಥದ್ದು ಏನೂ ಮಾಡಿಲ್ಲ. ನಾನು ಆ ಕಾಗದವನ್ನು ಎರಡು ಸಲ ಓದಿದೆ.

ನಿಮ್ಮ ಅಳಿಯ


ಮೇ 11

ಅಳಿಯಂದಿರಿಗೆ,

ನಿಮ್ಮ ಈ ಕಾಗದದ ಕೆಳಗೆ "ಪ್ರತಿ: ಕಡತಕ್ಕೆ" ಎಂಬುದು ಇರಲಿಲ್ಲ. ಮರೆತಿರಬೇಕು ಎಂದುಕೊಂಡೆ. ಮರೆಯುವ ಪೈಕಿ ಅಲ್ಲವಲ್ಲ ಎಂದು ಆಮೇಲೆ ಅನ್ನಿಸಿತು. ಮಗಳಿಗೆ ಫೋನು ಮಾಡಿ ಗದರಿಸಿದೆ. ಮೊದಲು, "ಏನಿಲ್ಲಮ್ಮ" ಎಂದಳು. ಎರಡನೇ ಸಲಕ್ಕೆ ಅತ್ತಳು.

ನಾನು ಏಪ್ರಿಲ್‌ನಲ್ಲಿ ಬರೆದ ಕಾಗದ ಕಡತಕ್ಕೆ ಹೋಯಿತು. ಅಳಿಯ ಸನ್ನೆ ಮಾಡಿದ, ಅತ್ತೆ ದೋಣಿ ಹೊರಡಿಸಿದಳು ಎಂದು ಓದಿದವರಿಗೆಲ್ಲ ಅನ್ನಿಸಿತು. ನಿಮ್ಮನ್ನು ಜೌಗಿನಿಂದ ತೆಗೆದರು, ವಿಚಾರಣೆಯೂ ಇದೆಯಂತೆ. ನನ್ನ ಕಾಗದವೇ ನಿಮ್ಮನ್ನು ಹಾಳುಮಾಡಿತು. ಮೀನುಕೊಳದವರು ಜಾಗ ತೆಗೆದುಕೊಂಡು ಹೋಗುತ್ತಾರೆಂದು ಹೊಟ್ಟೆ ಉರಿಯುತ್ತಿತ್ತು. ಈಗ ಅದಕ್ಕಿಂತ ಹೆಚ್ಚು ಇದು ಉರಿಯುತ್ತಿದೆ. ಅಷ್ಟಾದರೂ ನೀವು ನನಗೆ ಬರೆದದ್ದು ಕಿಟಕಿಯ ವಿಷಯ.

28ಕ್ಕೆ ಬರುತ್ತೇನೆ. ತಡೆಯಬೇಡಿ. ನಿಮ್ಮ ಮನೆಗೆ ಬರುವುದಿಲ್ಲ, ನಿಮ್ಮ ಜೊತೆ ಮಾತನಾಡುವುದೂ ಇಲ್ಲ. ಇನ್ನೊಂದು ಅನುಮಾನಕ್ಕೆ ಎಡೆ ಕೊಡಲಾರೆ. ಬಂದು, ಹೇಳಬೇಕಾದ್ದನ್ನು ಹೇಳಿ, ಕೊನೇ ಬಸ್ಸಿಗೆ ಹೊರಡುತ್ತೇನೆ.

ನಿಮ್ಮ ಅತ್ತೆ


ಮೇ 29

ಅತ್ತೆ,

ನೀವು ಹೇಳಿದಂತೆಯೇ ಮಾಡಿದಿರಿ. ಬಾಗಿಲಲ್ಲಿ ನನ್ನ ಪಕ್ಕದಲ್ಲೇ ಹಾದುಹೋದಿರಿ, ಗುರುತಿಲ್ಲದವರ ಹಾಗೆ. ನಿಮ್ಮ ಮಾತು ಮುಗಿಸಿ ನೀವು ಬಸ್ಸಿಗೆ ಹೊರಟ ಮೇಲೆ ಅಲ್ಲಿ ನಡೆದದ್ದು ನಿಮಗೆ ಗೊತ್ತಿಲ್ಲ. ಅದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಇನ್ನೊಂದು.

ನಾನು ಕೊನೆಯ ಸಾಲಿನಲ್ಲಿ, ಸಾರ್ವಜನಿಕರ ಕುರ್ಚಿಯಲ್ಲಿ ಕೂತಿದ್ದೆ. ನೀವು ಜೌಗಿನ ಬಗ್ಗೆ ಮಾತನಾಡುತ್ತೀರೆಂದು ಎಲ್ಲರೂ ಕಾದಿದ್ದರು. ನೀವು ಮೈಕನ್ನು ಕೈಯಿಂದ ಪಕ್ಕಕ್ಕೆ ಸರಿಸಿ, "ಮೇಡಂ, ಮೊದಲು ನನ್ನ ತಪ್ಪು ಓದಿನ ವಿಷಯ" ಎಂದಿರಿ. "ಆ ಮನುಷ್ಯ ನನಗೆ ಏನೂ ಸನ್ನೆ ಮಾಡ್ಲಿಲ್ಲ. ಮಾಡ್ಲಿ ಅಂತ ನಾನು ಆಸೆಪಟ್ಟೆ, ಅದಕ್ಕೇ ಹಾಗೆ ಓದ್ಕೊಂಡೆ. ಅತ್ತೆ ಫೋನ್ ಮಾಡಿದ್ರೆ ಮುಖಕ್ಕೆ ಹೊಡೆದ ಹಾಗೆ ಇಟ್ಬಿಟ್ಟ. ಇದಕ್ಕಿಂತ ನೆಟ್ಟಗಿರೋನು ನಿಮಗೆ ಬೇಕಾದ್ರೆ ಪೇಪರಲ್ಲಿ ಜಾಹೀರಾತು ಕೊಟ್ಟು ಹುಡುಕ್ಬೇಕು." ಇಡೀ ಕೋಣೆ ನಕ್ಕಿತು. ನನಗೆ ನಗಲಾಗಲಿಲ್ಲ. ಕಣ್ಣು ಒದ್ದೆಯಾಗಿತ್ತು. ಮದುವೆಯಾದಂದಿನಿಂದ ನಿಮ್ಮ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತಿಗೆ ಕಾದಿದ್ದೆ. ಅದು ಸಭೆಯ ನಡಾವಳಿಯಲ್ಲಿ ಅಚ್ಚಾಗುತ್ತದೆ ಎಂದು ಎಣಿಸಿರಲಿಲ್ಲ.

ದೋಣಿಗಳು ಬರಿಗೈಲಿ ಮರಳಿದ್ದನ್ನೂ ಮುಚ್ಚಿಡದೆ ಹೇಳಿ ನೀವು ಹೊರಟ ಮೇಲೆ ಮೀನುಕೊಳದ ಕಂಪನಿಯ ವಕೀಲರು ಎದ್ದರು. "ಊರಿನವರೇ ಒಪ್ಕೊಂಡಿದ್ದಾರೆ. ಹೋದ್ರು, ನಿಂತ್ರು, ಬರಿಗೈಲಿ ಬಂದ್ರು. ಬಳಕೆ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?" ಎಂದರು. ನೀವು ಹೆದರಿದ್ದ ಮಾತೇ, ಅಕ್ಷರ ಬಿಡದೆ.

ಆಗ ಮೇಡಂ ನಿಮ್ಮ ಬೂಟಿನವರನ್ನು ಕರೆದರು. ಆತ ನಮ್ಮ ಇಲಾಖೆಯಲ್ಲೇ ಅತಿ ಕಡಿಮೆ ಮಾತನಾಡುವವರು. ಎದ್ದು ನಿಂತು ವರದಿ ಓದಿದರು. "ಪಡುಗಡೆಯ ಭಾಗದಲ್ಲಿ ಬಳಕೆ ಇದೆಯೇ ಎಂದು ನೋಡಲು ನನ್ನನ್ನು ಕಳಿಸಲಾಗಿತ್ತು. ಇಡೀ ಊರು ಹರಿತವಾದ ಕುಡುಗೋಲು ಹಿಡಿದು, ಕೊಯ್ಯಲೇಬೇಕೆಂದು ಹೋಗಿ, ಕೊಯ್ಯಲಾರದೆ ಹಿಂತಿರುಗಿದ್ದನ್ನು ನೋಡಿದೆ. ಹಿಂತಿರುಗುವಾಗ ಅಡ್ಡಗೋಲು ಮತ್ತೆ ಕಟ್ಟಿ ಬಂದರು. ಬೇಲಿ ಇರುವ ಜಾಗ ನೋಡಿದ್ದೇನೆ, ಕಾವಲುಗಾರರಿರುವ ಜಾಗ ನೋಡಿದ್ದೇನೆ. ಅವೆಲ್ಲಕ್ಕಿಂತ ಬಿಗಿಯಾಗಿ ನಿರ್ವಹಣೆಯಲ್ಲಿರುವ ಸರ್ಕಾರಿ ಜಾಗ ಇದು."

ವಕೀಲರು, "ಅದು ಭಾವನೆ, ಬಳಕೆ ಅಲ್ಲ" ಎಂದರು.

ಬೂಟಿನವರು ಸಿಟ್ಟಾಗಲಿಲ್ಲ. "ಖಾಲಿ ಜಾಗಕ್ಕೆ ಹೋದವರು ಯಾರೂ ಹಾಗೆ ನಿಲ್ಲಲ್ಲ ಸಾರ್" ಎಂದು ಹೇಳಿ ಗೋಡೆಯ ಪರದೆ ಸರಿಸಿದರು. ಆ ದಿನ ಅವರು ಕಂಡದ್ದು ಅವರನ್ನು ಸುಮ್ಮನೆ ಕೂರಲು ಬಿಟ್ಟಿರಲಿಲ್ಲವಂತೆ. ವಿಮಾನದಿಂದ ತೆಗೆದ ಜೌಗಿನ ಹಳೆಯ ಚಿತ್ರಗಳು ನಮ್ಮದೇ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನು ಹುಡುಕಿ ತೆಗೆದು ವರ್ಷದ ಕ್ರಮದಲ್ಲಿ ಗೋಡೆಯುದ್ದಕ್ಕೂ ಅಂಟಿಸಿದ್ದರು. ಅತ್ತೆ, ನೀವು ಅದನ್ನು ನೋಡಬೇಕಿತ್ತು. ಪ್ರತಿ ಚಿತ್ರದಲ್ಲೂ ಒಂದು ಪಾಲು ಮಾತ್ರ ಕಪ್ಪುಹಸಿರು. ಒಂದು ವರ್ಷ ತೆಂಕು, ಮರುವರ್ಷ ಪಡು, ಆಮೇಲೆ ಬಡಗು, ಆಮೇಲೆ ಮೂಡು. ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತ ಬಂದಿದೆ. ಒಂದು ವರ್ಷವೂ ತಪ್ಪಿಲ್ಲ. ನೀವು ಹುಟ್ಟುವುದಕ್ಕೆ ಮುಂಚಿನ ಚಿತ್ರದಲ್ಲೂ ಇದೆ. ವಕೀಲರು ಕೂತರು.

ಮೇಡಂ ಎದ್ದು ಹೋಗಿ ಆ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನಡೆದರು. ಮತ್ತೆ ವಾಪಸ್ಸು ನಡೆದರು. ಆಮೇಲೆ, "ಜನವರಿಯಲ್ಲಿ ಮೊದಲ ಪರಿಶೀಲನೆಗೆ ನಾವು ಹೋದಾಗ ಇಲ್ಲಿ ಕೆಲಸ ನಡೀತಾ ಇತ್ತು. ನಮಗೆ ಕಾಣ್ಲಿಲ್ಲ" ಎಂದರು. ಬೂದಿ ಬಣ್ಣ ತೆಗೆದುಹಾಕಲು ಅಲ್ಲೇ ಆದೇಶ ಬರೆಸಿದರು. ಗುತ್ತಿಗೆಯ ಪ್ರಸ್ತಾವ ಬಿದ್ದುಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಾಗೆ ತಟ್ಟುವುದು ನಮ್ಮ ಸಭೆಯಲ್ಲಿ ನಿಷಿದ್ಧ. ಮೇಡಂ ತಡೆಯಲಿಲ್ಲ.

ಸಂಜೆ ನನ್ನನ್ನು ಕರೆಸಿದರು. ಮೇಜಿನ ಮೇಲೆ ನನ್ನ ಫೆಬ್ರವರಿಯ ಕಾಗದ ಇತ್ತು. "ಇನ್ನೊಂದು ಸಲ ಓದಿದೆ. ಬರೆದಷ್ಟೇ ಇದೆ ಇದರಲ್ಲಿ. ವಿಚಾರಣೆ ಮುಗೀತು. ನಾಳೆಯಿಂದ ಜೌಗಿಗೆ ವಾಪಸ್ ಬನ್ನಿ. ಸರದಿಯ ಅಧ್ಯಾಯ ನೀವೇ ಬರೀರಿ" ಎಂದರು. ರಸ್ತೆ ಬದಿಯ ಮರಗಳಿಗೆ ವಿದಾಯ ಹೇಳಿದೆ. ಕಿಟಕಿ ನಿಜವಾಗಿಯೂ ಚೆನ್ನಾಗಿತ್ತು.

ನಾನು ಮೇಜಿಗೆ ಮರಳಿರುವುದರಿಂದ, ಇದನ್ನು ಮೊದಲ ಕೆಲಸವಾಗಿ ಕಡತಕ್ಕೆ ಹಾಕುತ್ತಿದ್ದೇನೆ. ಕಣ್ಣು ಒದ್ದೆಯಾದ ಸಾಲಿನ ಸಮೇತ. ಯಾರು ಬೇಕಾದರೂ ಓದಲಿ.

ನಿಮ್ಮ ಅಳಿಯ
ಪ್ರತಿ: ಕಡತಕ್ಕೆ


ಜೂನ್ 7

ಅಳಿಯಂದಿರಿಗೆ, ಮೇಡಂ ಅವರಿಗೆ, ಬೂಟಿನ ಸಾಹೇಬರಿಗೆ,

ನಿಮ್ಮ ಕಾಗದವನ್ನು ಸಂಘದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಗೋಡೆಯ ಚಿತ್ರಗಳ ಜಾಗ ಬಂದಾಗ ಗೊಣಗಜ್ಜ ನಿಲ್ಲಿಸಿದ. "ನಮ್ಮಪ್ಪ ಮಲಗಿಸಿದ್ದೂ ಅದರಲ್ಲಿದೆಯಾ?" ಎಂದು ಕೇಳಿದ. ಇದೆ ಅಜ್ಜ ಎಂದೆ. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಉಳಿದವರು ಕುಣಿದದ್ದಕ್ಕೆ ನೆಲದ ಎರಡು ಹಲಗೆ ಮುರಿದಿವೆ. ಅದಕ್ಕೆ ಅಭಿಪ್ರಾಯ ಬರೆದು ಕಳಿಸಿದರೆ ಸರ್ಕಾರ ರಿಪೇರಿ ಮಾಡಿಕೊಡುತ್ತದೆಯೇ, ನಿಯಮ ನೋಡಿ ತಿಳಿಸಿ.

ಆ ದಿನ ಬಸ್ಸಿನಲ್ಲಿ ಸೋತೆವೆಂದೇ ತಿಳಿದು ಕಿಟಕಿಗೆ ತಲೆ ಕೊಟ್ಟು ಬಂದಿದ್ದೆ. ಈಗ ಊರಿನ ಬೀದಿಯಲ್ಲಿ ನಡೆದರೆ ಮಂಡಿಯೂ ನೋಯುತ್ತಿಲ್ಲ.

ನಿಮ್ಮ ಅತ್ತೆ


ಜನವರಿ 19

ಮಗಾ,

ಯೋಜನೆಗೆ ಸಹಿ ಬಿತ್ತು, ಇನ್ನು ಪ್ರತಿ ಯಾರಿಗೂ ಹೋಗುವುದಿಲ್ಲ ಎಂದು ನೀನು ಬರೆದದ್ದು ನೋಡಿ, ಇದನ್ನು ನಿನಗೊಬ್ಬನಿಗೇ ಬರೆಯುತ್ತಿದ್ದೇನೆ.

ಅಚ್ಚಾದ ಪುಸ್ತಕ ಬಂತು. ನೀನು ಬರೆದ ಅಧ್ಯಾಯವನ್ನು ಕೂತು ಪೂರ್ತಿ ಓದಿದೆ. "ವಿಶ್ರಾಂತಿಯೂ ಬಳಕೆಯೇ" ಎಂದು ಶುರುವಾಗುತ್ತದೆ. ಯಾವ ಪಾಲು ಯಾವ ವರ್ಷ ಮಲಗಬೇಕೆಂದು ಸಂಘವೇ ತೀರ್ಮಾನ ಮಾಡಬೇಕು, ಇಲಾಖೆ ಅದಕ್ಕೆ ನಡೆದುಕೊಳ್ಳಬೇಕು ಎಂದಿದೆ. ಮೊದಲ ತೀರ್ಮಾನ ಬರೆದು ಕಳಿಸಿದೆವು. ಈ ವರ್ಷ ಬಡಗಿನ ಪಾಲಿಗೆ ನಿದ್ದೆ. ಒಪ್ಪಿ ವಾಪಸ್ಸು ಬಂದ ಹಾಳೆಯಲ್ಲಿ ನನ್ನ ಸಹಿ ಮೇಲೆ, ಮೇಡಂ ಸಹಿ ಕೆಳಗೆ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿದ್ದೇವೆ. ಬೇರೆ ಕಡೆಯ ಸರ್ಕಾರಿ ಗುಡ್ಡದಲ್ಲಿ ಕುರಿ ಮೇಯಿಸುವವರು ಕೆಲವರು ಹೋದ ವಾರ ಬಂದಿದ್ದರು, ನೀವು ಹೇಗೆ ಬರೆದಿರಿ, ಹೇಗೆ ಗೆದ್ದಿರಿ ಎಂದು ಕೇಳಿಕೊಂಡು. ಉದ್ದಣ್ಣ ಅವರಿಗೆ ತನ್ನ ಮದುವೆಯ ಕಾಗದ ಓದಿ ಹೇಳಿದ.

ಪಡುಗಡೆ ಎದ್ದಿದೆ. ಮೊನ್ನೆ ಅಡ್ಡಗೋಲು ಬಿಚ್ಚಿದೆ. ಈ ಸಲ ಗಂಟು ಒಂದೇ ಎಳೆತಕ್ಕೆ ಬಂತು. ಗೊಣಗಜ್ಜ ಮೊದಲ ಹಿಡಿ ಕೊಯ್ದು, ಬುಡದ ಕಡೆ ತಿರುಗಿಸಿ ನೋಡಿ, "ಒಳ್ಳೇ ನಿದ್ದೆ ಮಾಡಿದೆ ಇದು" ಎಂದ. ಇಷ್ಟು ಎತ್ತರದ ಜೊಂಡನ್ನು ನಾನು ಕಂಡಿಲ್ಲ. ದೋಣಿ ತುಂಬಿದರೆ ಹುಟ್ಟು ಹಾಕುವವನೇ ಕಾಣುವುದಿಲ್ಲ, ಜೊಂಡಿನ ರಾಶಿ ತಾನೇ ತೇಲಿಕೊಂಡು ಬಂದ ಹಾಗಿರುತ್ತದೆ. ಅವತ್ತಿನಿಂದ ಊರಿನಲ್ಲಿ ಯಾರೂ ಸುಮ್ಮನೆ ಮಾತನಾಡುತ್ತಿಲ್ಲ, ಕೂಗಿಯೇ ಮಾತನಾಡುತ್ತಾರೆ.

ಕೊಯ್ಲಿಗೆ ಮನೆಗೊಂದು ಪಟ್ಟಿ ಜಾಗ ಎಂದು ಹಂಚುತ್ತೇವೆ. ಹಂಚುವಾಗ ಸಂಘದವರು ಒಂದು ಪಟ್ಟಿ ಹೆಚ್ಚು ಗೆರೆ ಹಾಕಿದರು. ಯಾರದು ಎಂದೆ. ನಿಮ್ಮ ಅಳಿಯನದು ಎಂದರು. ನಾನು ಹೇಳಿಕೊಟ್ಟದ್ದಲ್ಲ, ಎಲ್ಲರ ಮುಂದೆ ಆದದ್ದು. ಸುತ್ತಲಿನದೆಲ್ಲ ಕೊಯ್ದು ಆಗಿದೆ. ನಡುವೆ ನಿನ್ನ ಪಟ್ಟಿ ಒಂದೇ ನಿಂತಿದೆ, ದಂಡೆಯಿಂದಲೂ ಕಾಣುತ್ತದೆ. ಹೋಗಿ ಬರುವವರು, "ಅದೊಂದು ಯಾಕೆ ಬಿಟ್ಟಿದ್ದೀರಿ" ಎಂದು ಕೇಳುತ್ತಾರೆ. "ನಮ್ಮ ಹುಡುಗ ಬರ್ಬೇಕು" ಎನ್ನುತ್ತೇನೆ.

ರಜೆ ಹಾಕಿ ಅವಳನ್ನೂ ಕರೆದುಕೊಂಡು ಬಾ. ಕುಡುಗೋಲು ಹಿಡಿಯುವುದನ್ನು ನಾನು ಕಲಿಸುತ್ತೇನೆ. ಮಾರ್ಚ್ ಕಳೆದರೆ ಬುಡದಲ್ಲಿ ಮೊಳಕೆ ಏಳುತ್ತದೆ, ಅಷ್ಟರೊಳಗೆ ಬಾ.

ಅಮ್ಮ